ಖಾಲಿ ಉಳಿದ ಗೃಹಖಾತೆ: ಇರಾಕಿನ 156 ದಿನಗಳ ಪ್ರಕರಣ

2005ರ ಡಿಸೆಂಬರ್ 15ರಂದು ಇರಾಕಿನ ಜನ ಹೊಸ ಸಂವಿಧಾನದಡಿ ಮೊದಲ ಪೂರ್ಣಾವಧಿ ಸಂಸತ್ತಿಗೆ ಮತ ಹಾಕಿದರು. ಆ ಸಂಸತ್ತಿನ ವಿಶ್ವಾಸ ಪಡೆದ ಸರ್ಕಾರ ಪ್ರಮಾಣವಚನ ಸ್ವೀಕರಿಸಿದ್ದು 2006ರ ಮೇ 20ರಂದು. ನಡುವಿನ 156 ದಿನಗಳೇ ಈ ಅಧ್ಯಯನದ ವಸ್ತು. ಅಷ್ಟು ದಿನಗಳಲ್ಲಿ ವಿದೇಶಿ ಸೇನೆ ಮತ್ತು ಹೊಸ ಆಡಳಿತದ ವಿರುದ್ಧ ನಡೆಯುತ್ತಿದ್ದ ಬಂಡಾಯವು ನೆರೆಹೊರೆಯವರ ನಡುವಿನ ಪಂಥೀಯ ಯುದ್ಧವಾಗಿ ತಿರುಗಿತು. ಸಾರ್ವಜನಿಕ ದಾಖಲೆಯಲ್ಲಿರುವ ಕೆಲವೇ ನಾಯಕರನ್ನು ಇಲ್ಲಿ ಹೆಸರಿನಿಂದ ಕರೆದಿದ್ದೇನೆ; ಉಳಿದವರನ್ನು ಹುದ್ದೆಯಿಂದ, ಪಕ್ಷದಿಂದ ಗುರುತಿಸಿದ್ದೇನೆ. ಸಾಮಾನ್ಯ ಜನರ ಹೆಸರು ಎಲ್ಲಿಯೂ ಇಲ್ಲ. ಆ ದಿನಗಳಲ್ಲಿ ಬಾಗ್ದಾದಿನಲ್ಲಿ ಮನುಷ್ಯನ ಹೆಸರೇ ಅವನ ಪ್ರಾಣಕ್ಕೆ ಎರವಾಗುತ್ತಿತ್ತು ಎಂಬುದನ್ನು ನೆನೆದರೆ ಹೆಸರು ಮರೆಮಾಚುವುದು ಬರಿಯ ಶಿಷ್ಟಾಚಾರವೆಂದು ನನಗೆ ಅನ್ನಿಸುವುದಿಲ್ಲ.

ಹಿನ್ನೆಲೆ

2003ರ ಏಪ್ರಿಲ್ 9ರಂದು ಬಾಗ್ದಾದ್ ಅಮೆರಿಕನ್ ಪಡೆಗಳ ಕೈಸೇರಿತು. ಮೇ ತಿಂಗಳಲ್ಲಿ ಅಮೆರಿಕದ ಆಕ್ರಮಣ ಆಡಳಿತವು ಹೊರಡಿಸಿದ ಮೊದಲ ಎರಡು ಆದೇಶಗಳು ಮುಂದಿನ ಕಥೆಗೆ ಬುನಾದಿ ಹಾಕಿದವು. ಮೊದಲನೆಯದು ಸದ್ದಾಂ ಹುಸೇನರ ಬಾತ್ ಪಕ್ಷದ ಮೇಲಿನ ಸ್ತರದವರನ್ನು ಸರ್ಕಾರಿ ಕೆಲಸದಿಂದ ಹೊರಹಾಕಿತು. ಎರಡನೆಯದು ಸೈನ್ಯವನ್ನೇ ವಿಸರ್ಜಿಸಿತು. ಶಸ್ತ್ರವಿದ್ಯೆ ಬಲ್ಲ ಲಕ್ಷಗಟ್ಟಲೆ ಗಂಡಸರು ಸಂಬಳವಿಲ್ಲದೆ, ಮಾನವಿಲ್ಲದೆ ಮನೆಗೆ ಮರಳಿದರು. ಅದೇ ಜುಲೈನಲ್ಲಿ ರಚನೆಯಾದ 25 ಸದಸ್ಯರ ಆಡಳಿತ ಮಂಡಳಿಯಲ್ಲಿ 13 ಶಿಯಾ, 5 ಸುನ್ನಿ ಅರಬ್, 5 ಕುರ್ದ್, ತಲಾ ಒಬ್ಬ ತುರ್ಕಮನ್ ಮತ್ತು ಅಸ್ಸೀರಿಯನ್ ಸದಸ್ಯರಿದ್ದರು. ಎಲ್ಲರಿಗೂ ಪಾಲು ಸಿಗಲೆಂಬ ಸದುದ್ದೇಶ ಅದರ ಹಿಂದೆ ಇದ್ದಿರಬಹುದು. ಆದರೆ ರಾಜಕೀಯ ಪ್ರವೇಶಕ್ಕೆ ಪಂಥ ಮತ್ತು ಜನಾಂಗವೇ ರಹದಾರಿ ಎಂಬುದು ಅಂದೇ ನಿರ್ಧಾರವಾಗಿಹೋಯಿತು.

2005ರ ಜನವರಿ 30ರ ಚುನಾವಣೆಯನ್ನು ಸುನ್ನಿ ಅರಬರಲ್ಲಿ ಬಹುಪಾಲು ಜನ ಬಹಿಷ್ಕರಿಸಿದರು. ಅನ್ಬರ್ ಪ್ರಾಂತ್ಯದಲ್ಲಿ ಮತದಾನ ಶೇಕಡಾ 2ರ ಆಸುಪಾಸಿನಲ್ಲಿತ್ತು. ಅದರಿಂದ ಹುಟ್ಟಿದ ಮಧ್ಯಂತರ ಸರ್ಕಾರದ ಪ್ರಧಾನಿಯಾದವರು ದಾವಾ ಪಕ್ಷದ ಇಬ್ರಾಹಿಂ ಅಲ್-ಜಾಫರಿ. ಗೃಹಖಾತೆಯು, ಇರಾನಿನಲ್ಲಿ ನೆಲೆಸಿದ್ದಾಗ ಬದ್ರ್ ಎಂಬ ಸಶಸ್ತ್ರ ಪಡೆಯನ್ನು ಕಟ್ಟಿಕೊಂಡಿದ್ದ ಇನ್ನೊಂದು ಶಿಯಾ ಪಕ್ಷದ ಪಾಲಾಯಿತು. ಆ ಪಡೆಯ ಜನ ಪೊಲೀಸ್ ಕಮಾಂಡೊ ದಳಗಳಿಗೆ ಸೇರತೊಡಗಿದರು. ನವೆಂಬರ್ ನಡುವಿನಲ್ಲಿ ಬಾಗ್ದಾದಿನ ಜಾದ್ರಿಯಾ ಬಡಾವಣೆಯಲ್ಲಿ ಗೃಹ ಸಚಿವಾಲಯಕ್ಕೆ ಸೇರಿದ ನೆಲಮಾಳಿಗೆಯೊಂದನ್ನು ಅಮೆರಿಕನ್ ಸೈನಿಕರು ತೆರೆಸಿದಾಗ ಸುಮಾರು 170 ಬಂಧಿತರು ಸಿಕ್ಕರು. ಬಹುತೇಕರು ಸುನ್ನಿಗಳು, ಹಸಿವಿನಿಂದ ಸೊರಗಿದವರು, ಹಿಂಸೆಯ ಗುರುತುಗಳನ್ನು ಹೊತ್ತವರು. ಪೊಲೀಸ್ ಸಮವಸ್ತ್ರ ಕಂಡರೆ ಸುನ್ನಿ ಬಡಾವಣೆಗಳಲ್ಲಿ ಬಾಗಿಲು ಮುಚ್ಚಿಕೊಳ್ಳುವ ಭಯಕ್ಕೆ ಆಗ ಸಾಕ್ಷಿಯೂ ದೊರೆತಂತಾಯಿತು.

ಎದುರು ಬದಿಯಲ್ಲಿ ಬಂಡುಕೋರರೂ ಒಂದೇ ಮನಸ್ಸಿನವರಾಗಿರಲಿಲ್ಲ. ಮಾಜಿ ಸೈನಿಕರು, ಬುಡಕಟ್ಟಿನವರು, ಧರ್ಮದ ಹೆಸರಿನಲ್ಲಿ ಬಂದೂಕು ಹಿಡಿದವರು ಬೇರೆಬೇರೆ ಕಾರಣಗಳಿಗೆ ಹೋರಾಡುತ್ತಿದ್ದರು. ಅವರಲ್ಲಿ ಇರಾಕಿನ ಅಲ್-ಖೈದಾ ನಾಯಕ ಅಬೂ ಮುಸಬ್ ಅಲ್-ಜರ್ಖಾವಿಯ ಗುಂಪಿನ ಲೆಕ್ಕಾಚಾರ ಮಾತ್ರ ಬಹಳ ಸ್ಪಷ್ಟವಾಗಿತ್ತು. 2004ರ ಆರಂಭದಲ್ಲಿ ಬಹಿರಂಗವಾದ, ಆತನದೆಂದು ಹೇಳಲಾದ ಪತ್ರದಲ್ಲಿ ಶಿಯಾಗಳ ಮೇಲೆ ದಾಳಿ ಮಾಡಿ, ಅವರು ಸೇಡಿಗೆ ಇಳಿಯುವಂತೆ ಮಾಡಿ, ಆ ಸೇಡಿನ ಬೆಂಕಿಯಿಂದ ಸುನ್ನಿಗಳನ್ನು ತನ್ನ ಕಡೆಗೆ ಓಡಿಸುವ ಯೋಜನೆ ಇತ್ತು. 2005ರ ಸೆಪ್ಟೆಂಬರ್‌ನಲ್ಲಿ ಆತ ಶಿಯಾಗಳ ವಿರುದ್ಧ ಸಮರವನ್ನು ಬಹಿರಂಗವಾಗಿಯೇ ಸಾರಿದ.

ಇಷ್ಟಾದರೂ ಜನ ಬಹುಕಾಲ ಆ ಬಲೆಗೆ ಬೀಳಲಿಲ್ಲ. 2005ರ ಆಗಸ್ಟ್ 31ರಂದು ಕಾದಿಮಿಯಾದ ದರ್ಗಾಕ್ಕೆ ಹೊರಟಿದ್ದ ಶಿಯಾ ಯಾತ್ರಿಕರು ಟೈಗ್ರಿಸ್ ನದಿಯ ಸೇತುವೆಯ ಮೇಲೆ ಕಿಕ್ಕಿರಿದಿದ್ದಾಗ ಆತ್ಮಾಹುತಿ ಬಾಂಬರ್ ಇದ್ದಾನೆಂಬ ವದಂತಿ ಹಬ್ಬಿ ನೂಕುನುಗ್ಗಲಾಯಿತು. ಒಂಬೈನೂರಕ್ಕೂ ಹೆಚ್ಚು ಜನ ಸತ್ತರು. ಸೇತುವೆಯ ಆಚೆ ದಡದ ಅದಮಿಯಾ ಸುನ್ನಿಗಳ ಬಡಾವಣೆ. ಅಲ್ಲಿನ ಹುಡುಗನೊಬ್ಬ ನೀರಿಗೆ ಧುಮುಕಿ ಮುಳುಗುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ದಡಕ್ಕೆ ಎಳೆದು ತಂದ. ಹಲವರನ್ನು ಉಳಿಸಿ, ಕೊನೆಗೆ ಕೈಸೋತು ತಾನೇ ಮುಳುಗಿದ. ಆರು ತಿಂಗಳ ಬಳಿಕ ಅದೇ ದಡಗಳ ಜನ ಒಬ್ಬರನ್ನೊಬ್ಬರು ಹೆದರಿ ನೋಡುವ ಸ್ಥಿತಿ ಹೇಗೆ ಬಂತೆಂದು ಕೇಳುವಾಗ ಆ ಹುಡುಗನನ್ನು ಮರೆಯಬಾರದು. ಪಂಥದ್ವೇಷ ಅನಾದಿ ಕಾಲದ್ದು, ಯಾರೂ ತಡೆಯಲಾರದ್ದು ಎಂಬ ಮಾತನ್ನು ಅವನ ಸಾವು ಸುಳ್ಳು ಮಾಡುತ್ತದೆ.

ಸಮಸ್ಯೆ

ಡಿಸೆಂಬರ್ ಚುನಾವಣೆಯಲ್ಲಿ ಸುನ್ನಿ ಅರಬರೂ ದೊಡ್ಡ ಸಂಖ್ಯೆಯಲ್ಲಿ ಮತಗಟ್ಟೆಗೆ ಬಂದರು. ಬಂದೂಕಿನ ಬದಲು ಮತಪೆಟ್ಟಿಗೆಯನ್ನು ಪರೀಕ್ಷಿಸಿ ನೋಡುವ ಮನಸ್ಸು ಅವರಲ್ಲಿ ಮೂಡಿದ್ದು ಆ ಇಡೀ ವರ್ಷದ ದೊಡ್ಡ ಗಳಿಕೆ. 275 ಸ್ಥಾನಗಳಲ್ಲಿ ಶಿಯಾ ಪಕ್ಷಗಳ ಸಂಯುಕ್ತ ಮೈತ್ರಿಕೂಟಕ್ಕೆ 128, ಕುರ್ದಿಸ್ತಾನ್ ಮೈತ್ರಿಕೂಟಕ್ಕೆ 53, ಸುನ್ನಿ ಪಕ್ಷಗಳ ತವಾಫುಕ್ ಕೂಟಕ್ಕೆ 44, ಪಂಥಾತೀತರೆನ್ನಿಸಿಕೊಂಡ ಪಟ್ಟಿಗೆ 25 ಸ್ಥಾನಗಳು ದೊರೆತವು.

ಸರ್ಕಾರ ರಚಿಸಲು ಸಾಮಾನ್ಯ ಬಹುಮತವಾದ 138 ಸಾಕಲ್ಲವೇ ಎಂದು ನಮಗೆ ಅನ್ನಿಸುತ್ತದೆ. ತೊಡಕು ಇದ್ದದ್ದು ಅದಕ್ಕೆ ಹಿಂದಿನ ಮೆಟ್ಟಿಲಿನಲ್ಲಿ. ಮೊದಲು ಅಧ್ಯಕ್ಷ ಮತ್ತು ಇಬ್ಬರು ಉಪಾಧ್ಯಕ್ಷರ ಮಂಡಳಿಯನ್ನು ಒಂದೇ ಪಟ್ಟಿಯಾಗಿ ಮೂರನೇ ಎರಡರಷ್ಟು ಸದಸ್ಯರು, ಅಂದರೆ 184 ಮಂದಿ, ಒಪ್ಪಬೇಕಿತ್ತು. ಆ ಮಂಡಳಿಯೇ ಅತಿ ದೊಡ್ಡ ಕೂಟದ ಅಭ್ಯರ್ಥಿಯನ್ನು ಪ್ರಧಾನಿಯೆಂದು ನಿಯೋಜಿಸಬೇಕಿತ್ತು. ಶಿಯಾ ಮತ್ತು ಕುರ್ದ್ ಕೂಟಗಳು ಕೂಡಿದರೂ 181, ಮೂರು ಸ್ಥಾನ ಕಡಿಮೆ. ಹೀಗಾಗಿ ಪ್ರಧಾನಿಯನ್ನು ಸೂಚಿಸುವ ಹಕ್ಕು ಒಂದು ಕೂಟಕ್ಕೆ, ಆ ಸೂಚನೆಯನ್ನು ತಡೆದಿಡುವ ಶಕ್ತಿ ಉಳಿದೆಲ್ಲರಿಗೆ ಎಂಬಂತಾಯಿತು. ಅಲ್ಪಸಂಖ್ಯಾತರ ರಕ್ಷಣೆಗೆಂದು ಇಟ್ಟ ಈ ನಿಯಮವನ್ನು ನಾನು ತಪ್ಪೆನ್ನಲಾರೆ. ಇಂಥ ನಿಯಮ ನಡೆಯಬೇಕಾದರೆ ಮಾತುಕತೆ ಸಾಗುವಷ್ಟು ಕಾಲ ಬೀದಿಯನ್ನು ಕಾಯುವವರೊಬ್ಬರು ಇರಬೇಕು. ಇರಾಕಿನಲ್ಲಿ ಆ ಕಾವಲಿನ ಹೊಣೆ ಹೊತ್ತಿದ್ದ ಸಚಿವಾಲಯದ ಮೇಲೆಯೇ ಎಲ್ಲರ ಅನುಮಾನ ನೆಟ್ಟಿತ್ತು.

ಅಂತಿಮ ಫಲಿತಾಂಶ ದೃಢಪಟ್ಟದ್ದು ಫೆಬ್ರವರಿ 10ರಂದು. ಎರಡು ದಿನಗಳ ನಂತರ ಶಿಯಾ ಕೂಟವು ತನ್ನ ಅಭ್ಯರ್ಥಿಯನ್ನು ಒಳಮತದಾನದಿಂದ ಆರಿಸಿತು. ಜಾಫರಿಗೆ 64 ಮತ, ಎದುರಾಳಿ ಆದಿಲ್ ಅಬ್ದುಲ್ ಮಹ್ದಿಗೆ 63. ತಮ್ಮದೇ ಸಶಸ್ತ್ರ ಪಡೆಯಿದ್ದ ಶಿಯಾ ಧರ್ಮಗುರು ಮುಕ್ತದಾ ಅಲ್-ಸದ್ರ್ ಅವರ ಬೆಂಬಲಿಗರ ಒಲವು ಜಾಫರಿಯ ಕಡೆಗಿತ್ತು. ಈ ಒಂದು ಮತದ ಅಂತರವೇ ಪ್ರಕರಣದ ಮೊದಲ ತಿರುವು. ಇಷ್ಟು ಕಡಿಮೆ ಅಂತರದಿಂದ ಗೆದ್ದವರ ಹಿಂದೆ ಅವರ ಕೂಟದ ಅರ್ಧವೇ ಮನಸಾರೆ ನಿಲ್ಲುವುದಿಲ್ಲ. ಆದರೆ ಕೂಟದ ಒಗ್ಗಟ್ಟು ಮುರಿಯುವ ಭಯದಿಂದ ಆ ಅರ್ಧ ಅವರನ್ನು ಕೈಬಿಡುವುದೂ ಇಲ್ಲ. ಹೊರಗಿನ ಮೂರು ಕೂಟಗಳನ್ನು ಮೊದಲೇ ಕೇಳಿದ್ದರೆ ಯಾರು ಒಪ್ಪಿಗೆ, ಯಾರು ಅಲ್ಲ ಎಂಬುದು ಅಂದೇ ತಿಳಿಯುತ್ತಿತ್ತು. ಕೇಳದೆ ಆರಿಸಿದ ಮೇಲೆ ಅಭ್ಯರ್ಥಿಯನ್ನು ಬದಲಿಸುವುದು ಸೋಲೊಪ್ಪಿಕೊಂಡಂತೆ ಆಯಿತು.

ಫೆಬ್ರವರಿ 22

ಹತ್ತು ದಿನ ಕಳೆದಿತ್ತು. ಬುಧವಾರ ಬೆಳಗಿನ ಜಾವ ಸಮಾರಾ ಪಟ್ಟಣದಲ್ಲಿ, ಶಿಯಾಗಳ ಹತ್ತನೆಯ ಮತ್ತು ಹನ್ನೊಂದನೆಯ ಇಮಾಮರ (ಧರ್ಮನಾಯಕರ) ಸಮಾಧಿಗಳಿರುವ ಅಲ್-ಅಸ್ಕರಿ ದರ್ಗಾಕ್ಕೆ ಸಮವಸ್ತ್ರ ತೊಟ್ಟ ಗುಂಪೊಂದು ನುಗ್ಗಿ, ಕಾವಲುಗಾರರನ್ನು ಕಟ್ಟಿಹಾಕಿ, ಸಿಡಿಮದ್ದು ಇಟ್ಟಿತು. ಏಳು ಗಂಟೆಯ ಸುಮಾರಿಗೆ ಚಿನ್ನದ ಗುಮ್ಮಟ ಕುಸಿದುಬಿತ್ತು. ಆ ಸ್ಫೋಟದಲ್ಲಿ ಯಾರೂ ಸಾಯಲಿಲ್ಲ. ಸಾವು ಆಮೇಲೆ ಬಂತು: ಅದೇ ದಿನ ಸುನ್ನಿ ಮಸೀದಿಗಳ ಮೇಲೆ ದಾಳಿ ಶುರುವಾಗಿ, ಕೆಲವೇ ದಿನಗಳಲ್ಲಿ ನೂರಾರು ಜನ ಕೊಲೆಯಾದರು.

ಆ ದಿನ ತೆಗೆದುಕೊಂಡ, ತೆಗೆದುಕೊಳ್ಳದ ನಿರ್ಧಾರಗಳನ್ನು ನಿಧಾನವಾಗಿ ನೋಡಬೇಕು. ನಜಾಫ್‌ನ ಹಿರಿಯ ಧರ್ಮಗುರು ಅಲಿ ಅಲ್-ಸಿಸ್ತಾನಿ ಏಳು ದಿನಗಳ ಶೋಕ ಸಾರಿ, ಶಾಂತವಾಗಿ ಪ್ರತಿಭಟಿಸಿ, ಸುನ್ನಿ ಮಸೀದಿಗಳನ್ನು ಮುಟ್ಟಬೇಡಿ ಎಂದರು. ಮೂರು ವರ್ಷ ಬಾಂಬಿನ ಮೇಲೆ ಬಾಂಬು ಬಿದ್ದರೂ ಶಿಯಾ ಜನಸಮೂಹವನ್ನು ಸೇಡಿನಿಂದ ತಡೆದು ಹಿಡಿದಿದ್ದ ದನಿ ಅದು. ಈ ಸಲ ಆ ದನಿ ಬೀದಿಯವರೆಗೆ ತಲುಪಲಿಲ್ಲ. ಬಾಗ್ದಾದ್ ಮತ್ತು ಸುತ್ತಲಿನ ಪ್ರಾಂತ್ಯಗಳಲ್ಲಿ ಹಗಲು ಕರ್ಫ್ಯೂ ಜಾರಿಗೆ ಬಂದದ್ದು ಶುಕ್ರವಾರ, 24ರಂದು. ಬುಧವಾರದ ಹಗಲು ಮತ್ತು ಗುರುವಾರ ಪೂರ್ತಿ ನಗರ ಕೈಬಿಟ್ಟಂತೆ ಇತ್ತು. ಹಂಗಾಮಿ ಪ್ರಧಾನಿ ಜಾಫರಿ ತನ್ನ ಉಮೇದುವಾರಿಕೆಗೆ ಆಧಾರವಾಗಿದ್ದ ಸದ್ರ್ ಗುಂಪಿನ ಸಶಸ್ತ್ರ ಯುವಕರನ್ನೇ ಹತ್ತಿಕ್ಕಲು ಹೊರಡಬೇಕಿತ್ತು. ಹಂಗಾಮಿ ಗೃಹಸಚಿವರ ಕೈಕೆಳಗಿನ ದಳಗಳಲ್ಲಿ ಯಾರು ಪೊಲೀಸ್, ಯಾರು ಪಕ್ಷದ ಪಡೆಯವರು ಎಂದು ಹೇಳಲಾಗುತ್ತಿರಲಿಲ್ಲ. ನಾಳೆ ತಾವು ಕುರ್ಚಿಯಲ್ಲಿರುತ್ತೇವೋ ಇಲ್ಲವೋ ತಿಳಿಯದವರಿಂದ ಕಠಿಣ ಆದೇಶ ಹೊರಡುವುದು ಕಷ್ಟ. ನನ್ನ ದೃಷ್ಟಿಯಲ್ಲಿ ರಾಜಕೀಯ ಬಿಕ್ಕಟ್ಟು ನೇರವಾಗಿ ಪ್ರಾಣ ತೆಗೆದದ್ದು ಈ ಎರಡು ದಿನಗಳಲ್ಲಿ.

ತವಾಫುಕ್ ಕೂಟ ಮಾತುಕತೆಯಿಂದ ಹೊರನಡೆಯಿತು. ತಮ್ಮ ಮಸೀದಿಗಳು ಉರಿಯುವಾಗ ಖಾತೆ ಹಂಚಿಕೆಯ ಮಾತಿಗೆ ಕೂರಲಾರೆವೆಂಬ ಅವರ ಸಂಕಟ ನಿಜವಾದದ್ದು. ಬಂಡುಕೋರರಿಗೆ ಬೇಕಾಗಿದ್ದುದೂ ಅವರು ಮಾತುಕತೆಯಿಂದ ಎದ್ದುಹೋಗುವುದೇ ಎಂಬುದೂ ಅಷ್ಟೇ ನಿಜ.

ಮಾಡಿದ ಪ್ರಯತ್ನಗಳು

ಫೆಬ್ರವರಿ ಕೊನೆಗೆ ಜಾಫರಿ ಟರ್ಕಿಯ ರಾಜಧಾನಿ ಅಂಕಾರಾಕ್ಕೆ ಹೋಗಿಬಂದರು. ತಮಗೆ ಸೇರಬೇಕೆಂದು ತಾವು ಹೇಳುತ್ತಿದ್ದ ಕಿರ್ಕುಕ್ ನಗರದ ಭವಿಷ್ಯದ ಬಗ್ಗೆ ಮೊದಲೇ ಅವರ ಮೇಲೆ ಅಸಮಾಧಾನ ಹೊಂದಿದ್ದ ಕುರ್ದರಿಗೆ, ತಮ್ಮನ್ನು ಕೇಳದೆ ನಡೆದ ಈ ಭೇಟಿ ಕೊನೆಯ ಹುಲ್ಲುಕಡ್ಡಿಯಾಯಿತು. ಕುರ್ದ್ ನಾಯಕರೂ ಆಗಿದ್ದ ಅಧ್ಯಕ್ಷ ಜಲಾಲ್ ತಲಬಾನಿ ಬಹಿರಂಗವಾಗಿ ಆಕ್ಷೇಪಿಸಿದರು. ಕುರ್ದ್, ಸುನ್ನಿ ಮತ್ತು ಪಂಥಾತೀತ ಕೂಟಗಳು ಒಂದಾಗಿ, ಅಭ್ಯರ್ಥಿಯನ್ನು ಹಿಂತೆಗೆದುಕೊಳ್ಳಿರೆಂದು ಶಿಯಾ ಕೂಟವನ್ನು ಕೇಳಿದವು. ಗೆದ್ದದ್ದು ನಿಯಮದಂತೆ, ಇಳಿಯುವುದಿಲ್ಲ ಎಂದು ಜಾಫರಿ ಉತ್ತರಿಸಿದರು.

ಮಾರ್ಚ್ 16ರಂದು ಸಂಸತ್ತು ಮೊದಲ ಬಾರಿ ಸೇರಿತು. ಸದಸ್ಯರ ಭದ್ರತೆಗಾಗಿ ಅಂದು ಬಾಗ್ದಾದಿನ ಬೀದಿಗಳಲ್ಲಿ ವಾಹನ ಓಡದಂತೆ ನಿಷೇಧವಿತ್ತು. ಸಭಾಧ್ಯಕ್ಷರ ಆಯ್ಕೆಯಾಗದ ಕಾರಣ ಅತ್ಯಂತ ಹಿರಿಯ ಸದಸ್ಯರು ಪೀಠದಲ್ಲಿ ಕೂತರು. ಪ್ರಮಾಣವಚನ ಮುಗಿದು, ಸುಮಾರು ಅರ್ಧ ಗಂಟೆಯಲ್ಲಿ ಎಲ್ಲರೂ ಎದ್ದರು. ಅಧಿವೇಶನವನ್ನು ಮುಗಿಸದೆ ತೆರೆದಿಟ್ಟರು. ಮುಗಿಸಿದರೆ ಸಂವಿಧಾನದ ಗಡುವುಗಳು ಓಡತೊಡಗುತ್ತಿದ್ದವು. ಕಾಲವನ್ನು ಹೀಗೆ ಕಾಗದದ ಮೇಲೆ ನಿಲ್ಲಿಸಬಹುದು, ಆದರೆ ಅದೇ ದಿನ ಸಮಾರಾದ ಸಮೀಪ ಹೆಲಿಕಾಪ್ಟರುಗಳಿಂದ ಸೈನಿಕರನ್ನು ಇಳಿಸಿ ದೊಡ್ಡ ಕಾರ್ಯಾಚರಣೆಯೊಂದು ಶುರುವಾಗಿತ್ತು.

ಮೂರು ದಿನಗಳ ಬಳಿಕ ನಾಯಕರು 19 ಸದಸ್ಯರ ರಾಷ್ಟ್ರೀಯ ಭದ್ರತಾ ಮಂಡಳಿಯೊಂದಕ್ಕೆ ಒಪ್ಪಿದರು. ಎಲ್ಲ ಕೂಟಗಳಿಗೂ ಸ್ಥಾನಬಲಕ್ಕೆ ತಕ್ಕಂತೆ ಜಾಗ, ಭದ್ರತೆಯ ನೀತಿಯನ್ನು ಒಟ್ಟಾಗಿ ನಿರ್ಧರಿಸುವುದು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವ ಪ್ರಯತ್ನ ಇದೇ, ಏಕೆಂದರೆ ಯಾರು ಪ್ರಧಾನಿ ಎಂಬುದನ್ನು ಬದಿಗಿಟ್ಟು ಬಂದೂಕು ಯಾರ ಮಾತು ಕೇಳಬೇಕು ಎಂಬುದನ್ನು ಅದು ಮೊದಲಿಗೆ ತಂದಿತ್ತು. ಆದರೆ ಪ್ರಧಾನಿಯ ಅಧಿಕಾರಕ್ಕೆ ಕತ್ತರಿ ಬೀಳುವುದೆಂಬ ಅಳುಕು ಒಂದು ಕಡೆ, ಸಂವಿಧಾನದಲ್ಲಿ ಇಂಥ ಮಂಡಳಿಗೆ ಆಧಾರವೇ ಇಲ್ಲವೆಂಬ ವಾದ ಇನ್ನೊಂದು ಕಡೆ. ಅದು ಕಾಗದದಿಂದಾಚೆಗೆ ಬೆಳೆಯಲಿಲ್ಲ.

ಏಪ್ರಿಲ್ 2ರಂದು ಅಮೆರಿಕ ಮತ್ತು ಬ್ರಿಟನ್ನಿನ ವಿದೇಶಾಂಗ ಸಚಿವರಾದ ಕಾಂಡೊಲೀಜಾ ರೈಸ್ ಮತ್ತು ಜಾಕ್ ಸ್ಟ್ರಾ ಒಟ್ಟಿಗೆ ಬಾಗ್ದಾದಿಗೆ ಬಂದಿಳಿದು ತ್ವರೆ ಮಾಡಿರೆಂದರು. ಅಷ್ಟು ಹೊತ್ತಿಗಾಗಲೇ ಶಿಯಾ ಕೂಟದ ಒಳಗಿನಿಂದಲೇ ಜಾಫರಿ ಹಿಂದೆ ಸರಿಯಲಿ ಎಂಬ ದನಿ ಎದ್ದಿತ್ತು. ಹೊರಗಿನ ಒತ್ತಡ ಆ ಒಳದನಿಗೆ ಬಲ ಕೊಡುವ ಬದಲು, ವಿದೇಶಿಯರ ಮಾತಿಗೆ ಬಾಗಿದರೆಂಬ ಕಳಂಕದ ಭಯ ಹುಟ್ಟಿಸಿ ಮತ್ತೆ ಕೆಲವು ದಿನ ಎಳೆಯಿತೆಂದೇ ನಾನು ತಿಳಿಯುತ್ತೇನೆ. ಕೊನೆಗೆ ಏಪ್ರಿಲ್ 20ರಂದು ಜಾಫರಿ ನಿರ್ಧಾರವನ್ನು ಕೂಟಕ್ಕೇ ಬಿಟ್ಟುಕೊಟ್ಟರು. ಕೂಟವು ಅದೇ ದಾವಾ ಪಕ್ಷದ ನೂರಿ ಅಲ್-ಮಲಿಕಿಯನ್ನು ಆರಿಸಿತು. ಏಪ್ರಿಲ್ 22ರಂದು ತಲಬಾನಿ ಮತ್ತೆ ಅಧ್ಯಕ್ಷರಾದರು, ಸುನ್ನಿ ಕೂಟದವರೊಬ್ಬರು ಸಭಾಧ್ಯಕ್ಷರಾದರು, ಮಲಿಕಿಗೆ ಸರ್ಕಾರ ರಚಿಸುವ ಹೊಣೆ ಸಿಕ್ಕಿತು.

ಬೀದಿಯಲ್ಲಿ ಏನಾಯಿತು

ಗುರುತಿನ ಚೀಟಿಯ ಕಥೆ ಹೇಳದೆ ಈ ತಿಂಗಳುಗಳು ಅರ್ಥವಾಗುವುದಿಲ್ಲ. ಇರಾಕಿನ ಗುರುತಿನ ಚೀಟಿಯಲ್ಲಿ ಪಂಥವನ್ನು ಬರೆದಿರುವುದಿಲ್ಲ. ಆದರೆ ಉಮರ್ ಎಂಬ ಹೆಸರು ಸುನ್ನಿ ಮನೆಯದು, ಅಬ್ದುಲ್ ಹುಸೇನ್ ಎಂಬುದು ಶಿಯಾ ಮನೆಯದು ಎಂದು ಎಲ್ಲರಿಗೂ ತಿಳಿಯುತ್ತದೆ. ಕುಲದ ಹೆಸರು, ಊರು ಉಳಿದದ್ದನ್ನು ಹೇಳುತ್ತವೆ. ರಸ್ತೆಗೆ ಅಡ್ಡ ನಿಂತವರು ಪೊಲೀಸರೋ, ಪೊಲೀಸ್ ಬಟ್ಟೆ ತೊಟ್ಟವರೋ, ಯಾವ ಕಡೆಯವರೋ ಚೀಟಿ ಕೊಡುವವರೆಗೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಜನ ಎರಡು ಚೀಟಿ ಮಾಡಿಸಿಕೊಂಡರು, ಒಂದು ನಿಜವಾದದ್ದು, ಇನ್ನೊಂದು ಖೋಟಾ. ಯಾವ ಬಡಾವಣೆಗೆ ಹೋಗುವಾಗ ಯಾವ ಚೀಟಿ ಯಾವ ಜೇಬಿನಲ್ಲಿರಬೇಕೆಂದು ಮನೆಯಿಂದ ಹೊರಡುವ ಮುನ್ನ ಯೋಚಿಸಬೇಕಿತ್ತು. ಹೆಸರು ಬದಲಾಯಿಸಲು ಅರ್ಜಿ ಹಾಕಿದವರಿದ್ದರು. ಎದುರು ಪಂಥದ ಇಮಾಮರ ಹೆಸರು, ಪ್ರಾರ್ಥನೆಯಲ್ಲಿ ಕೈ ಇರಿಸುವ ರೀತಿಯನ್ನು ಬಾಯಿಪಾಠ ಮಾಡಿಕೊಂಡವರಿದ್ದರು.

ಮಿಶ್ರ ಬಡಾವಣೆಗಳಿಂದ ಜನ ಗಂಟುಮೂಟೆ ಕಟ್ಟಿದರು. ಮನೆ ಖಾಲಿ ಮಾಡುವಂತೆ ಬೆದರಿಕೆಯ ಚೀಟಿ ಬಾಗಿಲಲ್ಲಿ ಬೀಳುವುದು ಸಾಮಾನ್ಯವಾಯಿತು. ಸಮಾರಾದ ನಂತರದ ತಿಂಗಳುಗಳಲ್ಲಿ ಲಕ್ಷಗಟ್ಟಲೆ ಜನ ದೇಶದೊಳಗೇ ನಿರಾಶ್ರಿತರಾದರು. ಪೊಲೀಸರನ್ನು ನಂಬದ ಬಡಾವಣೆಗಳಲ್ಲಿ ರಾತ್ರಿ ಕಾವಲಿಗೆ ಹುಡುಗರೇ ನಿಂತರು. ಕಾಯಲೆಂದು ಬಂದೂಕು ಹಿಡಿದವರು ಎಷ್ಟೋ ಕಡೆ ಬಂಡುಕೋರರ ಅಥವಾ ಸಶಸ್ತ್ರ ಪಡೆಗಳ ತೆಕ್ಕೆಗೆ ಬಿದ್ದರು. ಜರ್ಖಾವಿ ಬಯಸಿದ್ದು ಇದನ್ನೇ.

ಮೇ 20 ಮತ್ತು ಆಮೇಲೆ

ಮೇ 20ರಂದು ಪ್ರಮಾಣವಚನ ನಡೆದಾಗ ಎಲ್ಲ ದೊಡ್ಡ ಕೂಟಗಳೂ ಸಂಪುಟದಲ್ಲಿದ್ದವು. ಗೃಹ, ರಕ್ಷಣೆ, ರಾಷ್ಟ್ರೀಯ ಭದ್ರತೆ, ಈ ಮೂರು ಖಾತೆಗಳಿಗೆ ಮಾತ್ರ ಸಚಿವರಿರಲಿಲ್ಲ. ಕೆಲವು ಸುನ್ನಿ ಸದಸ್ಯರು ಅದನ್ನು ಪ್ರತಿಭಟಿಸಿ ಸಭೆಯಿಂದ ಹೊರನಡೆದರು. ಗೃಹಖಾತೆಯನ್ನು ಪ್ರಧಾನಿ ತಾತ್ಕಾಲಿಕವಾಗಿ ತಾವೇ ಇಟ್ಟುಕೊಂಡರು.

ನನಗೆ ಈ ಪ್ರಕರಣದ ಹೃದಯ ಇಲ್ಲಿದೆ. 156 ದಿನ ನಡೆದದ್ದು ಒಬ್ಬ ವ್ಯಕ್ತಿ ಬೇಕೋ ಬೇಡವೋ ಎಂಬ ಹಗ್ಗಜಗ್ಗಾಟ. ಸುನ್ನಿಗಳ ಭಯಕ್ಕೆ ಮೂಲವಾಗಿದ್ದುದು, ಶಿಯಾ ಪಕ್ಷಗಳು ಕೈಬಿಡಲು ಒಪ್ಪದಿದ್ದುದು, ಕೊಲೆಗಡುಕ ದಳಗಳಿಗೆ ಮರೆಯಾಗಿದ್ದುದು ಗೃಹ ಸಚಿವಾಲಯ. ಅದರ ಪ್ರಶ್ನೆ ಕೊನೆಯ ದಿನವೂ ಬಗೆಹರಿಯದೆ ಉಳಿದಿತ್ತು. ಪ್ರಧಾನಿಯ ಹೆಸರು ಬದಲಾದಾಗ ಬಿಕ್ಕಟ್ಟು ಮುಗಿಯಿತೆಂದು ದೇಶವೂ ಜಗತ್ತೂ ನಿಟ್ಟುಸಿರು ಬಿಟ್ಟವು. ಬಿಕ್ಕಟ್ಟು ಆ ಖಾಲಿ ಕುರ್ಚಿಯಲ್ಲಿ ಕೂತೇ ಇತ್ತು.

ಜೂನ್ 7ರಂದು ಜರ್ಖಾವಿ ಬಾಕುಬಾ ಬಳಿ ವಾಯುದಾಳಿಯಲ್ಲಿ ಸತ್ತ. ಮರುದಿನವೇ ಸಂಸತ್ತು ಮೂರೂ ಖಾತೆಗಳಿಗೆ ಸಚಿವರನ್ನು ಒಪ್ಪಿತು. ಹಿಂಸೆ ಮಾತ್ರ ಏರುತ್ತಲೇ ಹೋಯಿತು, ಏಕೆಂದರೆ ಹಚ್ಚಿದವನು ಸತ್ತರೂ ಬೆಂಕಿಗೆ ಈಗ ತನ್ನದೇ ಉರುವಲು ಇತ್ತು. ಜುಲೈ 9ರಂದು ಬಾಗ್ದಾದಿನ ಜಿಹಾದ್ ಬಡಾವಣೆಯಲ್ಲಿ ಬಂದೂಕುಧಾರಿಗಳು ಗುರುತಿನ ಚೀಟಿ ನೋಡಿ ನೋಡಿ ಸುಮಾರು 40 ಜನರನ್ನು ಕೊಂದರು. ಅಕ್ಟೋಬರ್‌ನಲ್ಲಿ ಕೊಲೆಗಡುಕ ದಳಗಳೊಂದಿಗೆ ಕೈಜೋಡಿಸಿದ ಅನುಮಾನದ ಮೇಲೆ ರಾಷ್ಟ್ರೀಯ ಪೊಲೀಸ್ ಪಡೆಯ ಇಡೀ ಬ್ರಿಗೇಡ್ ಒಂದನ್ನು ಕರ್ತವ್ಯದಿಂದ ಹಿಂದಕ್ಕೆ ಕರೆಸಬೇಕಾಯಿತು. ವಿಶ್ವಸಂಸ್ಥೆಯ ಲೆಕ್ಕದಂತೆ 2006ರಲ್ಲಿ ಇರಾಕಿನಲ್ಲಿ ಹಿಂಸೆಗೆ ಸತ್ತ ನಾಗರಿಕರು 34,452.

ಕಲಿಯಬೇಕಾದದ್ದು

ಯುದ್ಧ ಮುಗಿದ ದೇಶದಲ್ಲಿ ಸಮ್ಮಿಶ್ರ ಸರ್ಕಾರ ಕಟ್ಟುವವರು ಮೊದಲು ಪ್ರಧಾನಿ, ಆಮೇಲೆ ಉಳಿದ ಖಾತೆ, ಕೊನೆಗೆ ಭದ್ರತೆ ಎಂಬ ಕ್ರಮದಲ್ಲಿ ಮಾತನಾಡುತ್ತಾರೆ. ಅದು ಶಾಂತ ದೇಶಗಳ ಕ್ರಮ. ಇಲ್ಲಿ ಅದನ್ನು ತಿರುಗಿಸಬೇಕಿತ್ತು. ಪೊಲೀಸ್ ದಳಗಳ ನೇಮಕ ಯಾರ ಕೈಯಲ್ಲಿರಬೇಕು, ಪಕ್ಷದ ಪಡೆಯವರನ್ನು ಹೇಗೆ ಬೇರ್ಪಡಿಸಬೇಕು, ಬಂಧನಗೃಹಗಳಿಗೆ ಯಾರು ಭೇಟಿ ಕೊಡಬೇಕು ಎಂಬುದನ್ನು ಡಿಸೆಂಬರ್‌ನಲ್ಲೇ, ಮತ ಎಣಿಕೆ ನಡೆಯುತ್ತಿದ್ದಾಗಲೇ, ಒಪ್ಪಂದಕ್ಕೆ ತರಬಹುದಿತ್ತು. ಜಾದ್ರಿಯಾದ ನೆಲಮಾಳಿಗೆ ಬಯಲಾಗಿ ಆಗಿನ್ನೂ ಒಂದೇ ತಿಂಗಳು ಕಳೆದಿತ್ತು, ಸುನ್ನಿ ಮತದಾರರು ಆಗಷ್ಟೇ ಮತಗಟ್ಟೆಗೆ ಬಂದಿದ್ದರು. ಹಂಗಾಮಿ ಸರ್ಕಾರಕ್ಕೆ ತುರ್ತು ಸಂದರ್ಭದಲ್ಲಿ ಏನು ಮಾಡುವ ಅಧಿಕಾರವಿದೆ, ಯಾರ ಒಪ್ಪಿಗೆಯೊಂದಿಗೆ, ಎಂಬುದನ್ನೂ ಮೊದಲೇ ಬರೆದಿಡಬೇಕಿತ್ತು. ಹಾಗೆ ಬರೆದಿದ್ದರೆ ಫೆಬ್ರವರಿ 22ರ ಬೆಳಿಗ್ಗೆಯೇ ಕರ್ಫ್ಯೂ ಬರುತ್ತಿತ್ತೆಂದು ಖಚಿತವಾಗಿ ಹೇಳಲಾರೆ. ಬರಲು ಒಂದು ದಾರಿಯಾದರೂ ಇರುತ್ತಿತ್ತು.

ಎಲ್ಲರನ್ನೂ ಸಂಪುಟಕ್ಕೆ ಸೇರಿಸಿಕೊಳ್ಳುವ ಪರಿಹಾರಕ್ಕೂ ಬೆಲೆ ತೆರಬೇಕಾಯಿತು. ಗಟ್ಟಿಯಾದ ವಿರೋಧ ಪಕ್ಷವೇ ಇಲ್ಲದ ಸಂಸತ್ತಿನಲ್ಲಿ ಸಚಿವಾಲಯಗಳು ಪಕ್ಷಗಳ ಸ್ವತ್ತಾದವು, ಪ್ರಶ್ನಿಸುವವರು ಉಳಿಯಲಿಲ್ಲ. ಸರ್ಕಾರದ ಒಳಗಿದ್ದೂ ಅಧಿಕಾರವಿಲ್ಲವೆಂದು ದೂರಿ ತವಾಫುಕ್ ಸಚಿವರು 2007ರ ಆಗಸ್ಟ್‌ನಲ್ಲಿ ಹೊರನಡೆದರು.

2010ರ ಮಾರ್ಚ್ 7ರ ಚುನಾವಣೆಯ ನಂತರ ಇದೇ ಪಾಠ ಮತ್ತೆ ಎದುರಾಯಿತು. 325 ಸ್ಥಾನಗಳಲ್ಲಿ ಮಲಿಕಿಯ ಕೂಟಕ್ಕೆ 89, ಎದುರಾಳಿ ಕೂಟಕ್ಕೆ 91. ಜೂನ್‌ನಲ್ಲಿ ಸೇರಿದ ಸಂಸತ್ತು ಕೆಲವೇ ನಿಮಿಷಗಳಲ್ಲಿ ಎದ್ದು, ಅಧಿವೇಶನವನ್ನು ಮತ್ತೆ ಅದೇ ರೀತಿ ತೆರೆದಿಟ್ಟಿತು. ಕಲಾಪ ಮುಂದುವರಿಸಿರೆಂದು ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಬೇಕಾಯಿತು. ಅದೇ ಅಕ್ಟೋಬರ್ 31ರಂದು ಬಾಗ್ದಾದಿನ ಚರ್ಚೊಂದರ ಮೇಲೆ ದಾಳಿಯಾಗಿ ಐವತ್ತಕ್ಕೂ ಹೆಚ್ಚು ಜನ ಸತ್ತರು. 289 ದಿನಗಳ ನಂತರ, ಡಿಸೆಂಬರ್ 21ರಂದು, ಸರ್ಕಾರ ಬಂತು. ಗೃಹ ಮತ್ತು ರಕ್ಷಣಾ ಖಾತೆಗಳಿಗೆ ಆಗಲೂ ಸಚಿವರಿರಲಿಲ್ಲ. ಈ ಸಲ ಮೂರು ವಾರಗಳಲ್ಲಿ ತುಂಬಲೂ ಇಲ್ಲ. ಆ ಸರ್ಕಾರದ ಅವಧಿ ಮುಗಿಯುವವರೆಗೂ ಅವೆರಡಕ್ಕೆ ಸಂಸತ್ತು ಒಪ್ಪಿದ ಸಚಿವರು ಬರಲೇ ಇಲ್ಲ. ಮುಂದಿನ ಸರ್ಕಾರದಲ್ಲಿ, 2014ರ ಅಕ್ಟೋಬರ್ 18ರಂದು, ಸಂಸತ್ತು ಕೊನೆಗೂ ಇಬ್ಬರ ಹೆಸರಿಗೆ ಒಪ್ಪಿಗೆ ಕೊಟ್ಟಿತು. ಮೊಸೂಲ್ ನಗರ ಇಸ್ಲಾಮಿಕ್ ಸ್ಟೇಟ್ ಉಗ್ರರ ಕೈಸೇರಿ ಆಗ ನಾಲ್ಕು ತಿಂಗಳು ಕಳೆದಿತ್ತು.